ಇದಾದ ಮೇಲೆ ಯಾವ ಹಾಡು

ದೊಡ್ಡಮ್ಮ ಅದನ್ನು ಮೊದಲು ಮೂಸಿ ನೋಡಿದಳು. ಮನೆಗೆ ಹೊಸತಾಗಿ ಏನು ಬಂದರೂ ಅವಳು ಪರಿಚಯ ಮಾಡಿಕೊಳ್ಳುತ್ತಿದ್ದದ್ದು ಹಾಗೆ: ಮೊದಲು ಮೂಗು, ಆಮೇಲೆ ಬೆರಳು, ಕೊನೆಗೆ ಕಿವಿ. ಗಲ್ಫ್‌ನಿಂದ ರಜೆಗೆ ಬಂದಿದ್ದ ಅಪ್ಪ ಚಾವಡಿಯಲ್ಲಿ ಕೂತು ಪೆಟ್ಟಿಗೆಗಳ ಹಗ್ಗ ಬಿಚ್ಚುತ್ತಿದ್ದರು. ಬಜಪೆಯ ವಿಮಾನ ನಿಲ್ದಾಣದಿಂದ ಮನೆ ತಲುಪಿ ಇನ್ನೂ ಚಾ ಸಹ ಕುಡಿದಿರಲಿಲ್ಲ. ಸೋಪು, ಹಾಲಿನ ಪುಡಿ, ಖರ್ಜೂರ, ಅಮ್ಮನ ಸೀರೆ, ನನ್ನ ಬಣ್ಣದ ಪೆನ್ಸಿಲುಗಳು ಎಲ್ಲ ಹೊರಗೆ ಬಂದ ಮೇಲೆ, ಹೆಬ್ಬೆರಳಿನಷ್ಟು ದೊಡ್ಡದಾದ ಕಪ್ಪು ವಸ್ತುವೊಂದನ್ನು ತೆಗೆದು ದೊಡ್ಡಮ್ಮನ ಅಂಗೈಯಲ್ಲಿಟ್ಟರು.

“ಇದೆಂತ, ಲೈಟರಾ?” ಎಂದಳು ಅವಳು.

“ಹಾಡು ಅಕ್ಕ. ಇದರೊಳಗೆ ರಾಶಿ ಹಾಡು ಉಂಟು. ನಿಮಗಂತಲೇ ತುಂಬಿಸಿಕೊಂಡು ಬಂದದ್ದು.”

ದೊಡ್ಡಮ್ಮ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

“ಸುಳ್ಳು ಹೇಳ್ಬೇಡಿ ಮಾರಾಯ್ರೆ. ಒಳಗೆ ಎಂತದೂ ತಿರುಗುದಿಲ್ಲ.”

ಅವಳ ಮಾತಿನಲ್ಲಿ ನ್ಯಾಯವಿತ್ತು. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ತುಂಬಿಸಿಟ್ಟ ಹಾಡು ಎಂದರೆ ಏನಾದರೊಂದು ತಿರುಗಲೇಬೇಕಿತ್ತು. ಕ್ಯಾಸೆಟ್ಟಿನ ಎರಡು ಚಕ್ರಗಳು ತಿರುಗುವುದನ್ನು ಅವಳು ಟೇಪ್‌ರೆಕಾರ್ಡರಿನ ಮುಚ್ಚಳದ ಮೇಲೆ ಬೆರಳಿಟ್ಟು ತಿಳಿಯುತ್ತಿದ್ದಳು. ಅಪ್ಪ ಇಯರ್‌ಫೋನಿನ ಎರಡು ತುದಿಗಳನ್ನೂ ಅವಳ ಕಿವಿಗೆ ಸಿಕ್ಕಿಸಿ ಗುಂಡಿ ಒತ್ತಿದರು. ದೊಡ್ಡಮ್ಮ ಬೆಚ್ಚಿಬಿದ್ದು ಹಿಂದಕ್ಕೆ ತಿರುಗಿದಳು. ಯಾರೋ ಬೆನ್ನ ಹಿಂದೆಯೇ ನಿಂತು ಕೊಳಲು ಊದಿದಂತಾಯಿತು ಎಂದು ಆಮೇಲೆ ಹೇಳಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ನಮಗೆ ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ, ಅವಳೊಬ್ಬಳು ಮಾತ್ರ ಎಲ್ಲಿಗೋ ಹೋಗಿಬಿಟ್ಟಿದ್ದಳು.

ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ನಮ್ಮದು ಬಿಜೈಯಲ್ಲಿ, ಬಸ್‌ಸ್ಟ್ಯಾಂಡಿನ ಹಿಂಬದಿಯ ಓಣಿಯಲ್ಲಿದ್ದ ಹಂಚಿನ ಮನೆ. ಅದು ಅಕ್ಕ ತಂಗಿ ಇಬ್ಬರೂ ಹುಟ್ಟಿ ಬೆಳೆದ ಮನೆ. ಮದುವೆಯಾದ ಮೇಲೂ ಅಮ್ಮ ಅಲ್ಲೇ ಉಳಿದಳು, ದೊಡ್ಡಮ್ಮ ಮದುವೆಯಾಗಲಿಲ್ಲ. ಅವಳು ಹಿಂದೆ ಹಂಪನಕಟ್ಟೆಯ ಲಾರಿ ಆಫೀಸೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದಳು. ಆಮೇಲೆ ಕಣ್ಣಿನ ನರ ಒಣಗುತ್ತಾ ಬಂತು. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಅವಳಿಗೆ ಬೆಳಕು ಮತ್ತು ಕತ್ತಲೆ ಇಷ್ಟೇ ಬೇರೆಬೇರೆಯಾಗಿ ತಿಳಿಯುತ್ತಿತ್ತು. ಆದರೆ ಮನೆಯೊಳಗೆ ಅವಳು ಕುರುಡಿ ಎಂದು ಹೊರಗಿನವರಿಗೆ ಗೊತ್ತಾಗುತ್ತಿರಲಿಲ್ಲ. ಉಪ್ಪಿನ ಭರಣಿಯ ಪಕ್ಕ ಹುಣಸೆಹುಳಿ, ಅದರ ಪಕ್ಕ ಮೆಣಸು, ಕುರ್ಚಿಯ ಬೆನ್ನು ಗೋಡೆಗೆ, ಚಾಪೆ ಬಾಗಿಲ ಸಂದಿಗೆ. ಒಂದು ಚೊಂಬನ್ನು ಸರಿಸಿಟ್ಟರೂ ಮನೆಯಿಡೀ ಕೇಳುವ ಹಾಗೆ ಬಯ್ಯುತ್ತಿದ್ದಳು. ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ ಕೂಗುವುದನ್ನು ಕೇಳಿ, ಇವತ್ತು ಧರ್ಮಸ್ಥಳದ ಬಸ್ಸು ತಡ ಎಂದು ನಮಗೆ ಹೇಳುತ್ತಿದ್ದಳು. ನಾವು ಮನೆಯಲ್ಲಿ ಆಡುತ್ತಿದ್ದದ್ದು ತುಳು. ದೊಡ್ಡಮ್ಮನ ಬಯ್ಗುಳದ ರುಚಿ ಕನ್ನಡದಲ್ಲಿ ಅರ್ಧದಷ್ಟೂ ಬರುವುದಿಲ್ಲ, ಅದಕ್ಕೆ ಅವನ್ನು ಇಲ್ಲಿ ಬರೆಯಹೋಗುವುದಿಲ್ಲ.

ಅಪ್ಪ ತಂದ ಆ ಪ್ಲೇಯರ್ ಬರುವ ಮೊದಲು ಅಡುಗೆಮನೆಯ ಗೂಡಿನಲ್ಲಿ ಒಂದು ರೇಡಿಯೋ ಇತ್ತು. ಅಮ್ಮ ಬಂಗುಡೆ ಮೀನು ಕೊಯ್ಯುತ್ತಾ, ದೊಡ್ಡಮ್ಮ ತೆಂಗಿನಕಾಯಿ ಹೆರೆಯುತ್ತಾ ಅದನ್ನು ಕೇಳುತ್ತಿದ್ದರು. ಹಾಡಿಗಿಂತ ಅವರ ಮಾತೇ ಹೆಚ್ಚು. ಈ ಹಾಡುಗಾರನಿಗೆ ಶೀತವಾಗಿದೆ ಎಂದು ಒಬ್ಬಳು, ಇಲ್ಲ ಅವನ ಸ್ವರವೇ ಹಾಗೆ ಎಂದು ಇನ್ನೊಬ್ಬಳು. ಪ್ಲೇಯರ್ ಬಂದ ಮೇಲೆ ದೊಡ್ಡಮ್ಮ ನಡುಕೋಣೆಯ ಬೆಂಚಿಗೆ ಹೋದಳು. ಅಮ್ಮ ರೇಡಿಯೋ ಹಾಕುವುದನ್ನು ಮೆಲ್ಲಗೆ ಬಿಟ್ಟಳು. ಒಬ್ಬಳೇ ಕೇಳಲಿಕ್ಕೆ ಎಂತ ಉಂಟು ಎಂದಳು.

ನನಗಾಗ ಬೇರೆಯದೇ ಚಿಂತೆ. ಆ ಹಾಡುಗಳು ಎಲ್ಲಿವೆ? ನನ್ನ ಓದಿಗೆಂದು ಅಪ್ಪ ಅದೇ ರಜೆಯಲ್ಲಿ ಒಂದು ಕಂಪ್ಯೂಟರನ್ನೂ ಕೊಡಿಸಿದ್ದರು. ಅದು ಚಾವಡಿಯ ಮೂಲೆಯಲ್ಲಿ, ಅಮ್ಮ ಕಸೂತಿ ಹಾಕಿದ ಬಟ್ಟೆ ಹೊದ್ದು ಕೂತಿತ್ತು. ಪ್ಲೇಯರಿನ ಮುಚ್ಚಳ ತೆಗೆದು ಕಂಪ್ಯೂಟರಿಗೆ ಚುಚ್ಚಿದರೆ ಪರದೆಯ ಮೇಲೆ ಹಾಡುಗಳ ಪಟ್ಟಿ ತೆರೆದುಕೊಳ್ಳುತ್ತಿತ್ತು. ಒಂದಕ್ಕೂ ಸರಿಯಾದ ಹೆಸರಿಲ್ಲ. ಇಂಗ್ಲಿಷಿನ ಅಂಕಿ, ಅಕ್ಷರ, ಗೆರೆಗಳ ಕಲಸುಮೇಲೋಗರ. ಗಲ್ಫ್‌ನಲ್ಲಿ ಅಪ್ಪನ ರೂಮಿನಲ್ಲಿದ್ದ ಯಾರೋ ತುಂಬಿಸಿಕೊಟ್ಟದ್ದಂತೆ. ನಾನು ಎಲ್ಲವನ್ನೂ ಕಂಪ್ಯೂಟರಿಗೆ ಕಾಪಿ ಮಾಡಿದೆ. ದೊಡ್ಡಮ್ಮ ಪಕ್ಕದಲ್ಲೇ ನಿಂತಿದ್ದಳು.

“ಈಗ ನನ್ನದು ಖಾಲಿ ಆಯ್ತಾ?”

“ಇಲ್ಲ, ಅದರಲ್ಲೂ ಉಂಟು.”

“ತೆಗೆದುಕೊಂಡ ಮೇಲೂ ಅಲ್ಲಿಯೇ ಉಂಟಾ?” ಅವಳು ಸ್ವಲ್ಪ ಹೊತ್ತು ಯೋಚಿಸಿದಳು. “ಹಾಗಾದ್ರೆ ನೀನು ತೆಗೆದದ್ದೆಂತ?”

ಶಾಲೆಯಲ್ಲಿ ಕಂಪ್ಯೂಟರ್ ಮಿಸ್ಸಿನ ಹತ್ತಿರ ಇದನ್ನೇ ಕೇಳಿದೆ, ಅದು ಪರೀಕ್ಷೆಗೆ ಬರುವುದಿಲ್ಲ ಎಂದರು. ಇಂದಿಗೂ ಏನಾದರೂ ಕಾಪಿ ಮಾಡುವಾಗ ದೊಡ್ಡಮ್ಮನ ಆ ಪ್ರಶ್ನೆ ಒಮ್ಮೆ ಬಂದುಹೋಗುತ್ತದೆ.

ಪ್ಲೇಯರಿಗೆ ಪರದೆ ಇರಲಿಲ್ಲ. ಇದ್ದಿದ್ದರೂ ಅವಳಿಗೆ ಅದರಿಂದ ಉಪಯೋಗವಿರಲಿಲ್ಲ. ಒಂದು ಗುಂಡಿ ಒತ್ತಿದರೆ ಮುಂದಿನ ಹಾಡು, ಇನ್ನೊಂದು ಒತ್ತಿದರೆ ಹಿಂದಿನದು. ಬಂದ್ ಮಾಡಿ ಮತ್ತೆ ಹಾಕಿದರೆ ಮೊದಲ ಹಾಡಿನಿಂದಲೇ ಶುರು. ಆದ್ದರಿಂದ ಅವಳ ದಿನವೂ ಅದೇ ಹಾಡಿನಿಂದ ಶುರುವಾಗತೊಡಗಿತು. ಎಲ್ಲದಕ್ಕೂ ಅವಳೇ ಹೆಸರಿಟ್ಟಳು. ಮೊದಲಿನದು ಕೊಳಲಿನದ್ದು. ಹಾಡಿನ ನಡುವೆ ಯಾರೋ ಕೆಮ್ಮುವುದು ಕೇಳುತ್ತಿದ್ದದ್ದು ಕೆಮ್ಮಿನ ಭಜನೆ. ಬಯಲಿನಲ್ಲಿ ರೆಕಾರ್ಡ್ ಮಾಡಿದ ಒಂದು ಯಕ್ಷಗಾನದ ಪದ್ಯದಲ್ಲಿ ಚೆಂಡೆಯ ಸದ್ದಿಗೆ ಹೆದರಿ ಮಗುವೊಂದು ಕೂಗುತ್ತಿತ್ತು. ಅದು ಮಗು ಕೂಗುವ ಪದ್ಯ. ಕೆಮ್ಮಿನ ಭಜನೆ ಮುಗಿಯುವಾಗ ಕುಚ್ಚಲಕ್ಕಿ ಅರ್ಧ ಬೆಂದಿರಬೇಕು. ಮಗು ಕೂಗುವಾಗ ನಾನು ಶಾಲೆಗೆ ಹೊರಡಬೇಕು. ಗಡಿಯಾರವನ್ನು ಯಾರಲ್ಲೂ ಕೇಳುವ ಅಗತ್ಯ ಅವಳಿಗೆ ಇಲ್ಲದೇ ಹೋಯಿತು.

ಅಮ್ಮನಿಗೆ ಇದು ಸರಿಬರಲಿಲ್ಲ. ಕರೆದರೆ ದೊಡ್ಡಮ್ಮನಿಗೆ ಕೇಳುತ್ತಿರಲಿಲ್ಲ. ಅಮ್ಮ ಕೈ ಒರೆಸಿಕೊಂಡು ಬಂದು ಭುಜ ತಟ್ಟಬೇಕು, ತಟ್ಟಿದರೆ ಅವಳು ಬೆಚ್ಚಿಬೀಳುತ್ತಿದ್ದಳು, ಬೆಚ್ಚಿದ ಸಿಟ್ಟಿಗೆ ಜಗಳ.

“ಮನೆಯಲ್ಲಿ ಒಂದು ಜನ ಉಂಟು ಅಂತ ನೆನಪುಂಟಾ ನಿನಗೆ?” ಎಂದು ಅಮ್ಮ ಒಂದು ದಿನ ಕೇಳಿಯೇಬಿಟ್ಟಳು.

“ಬೇಡ ಅನ್ನಿಸಿದ್ರೆ ನೀನು ಕಣ್ಣು ಮುಚ್ತಿ. ನನಗೆ ಈ ಮನೆಯ ಕುಕ್ಕರು, ಬಾಗಿಲು, ನಲ್ಲಿ, ಬಸ್‌ಸ್ಟ್ಯಾಂಡಿನ ಮೈಕು ಎಲ್ಲ ಕೇಳ್ತಾನೇ ಇರ್ತದೆ. ಇದೊಂದು ಬಂದ ಮೇಲೆ ನನಗೂ ಸ್ವಲ್ಪ ಮುಚ್ಚಲಿಕ್ಕೆ ಆಯ್ತು. ಅದೂ ಆಗುದಿಲ್ವಾ ನಿನಗೆ?”

ಆದರೂ ದೊಡ್ಡಮ್ಮನ ನೈಟಿಗಳಿಗೆಲ್ಲ ಪ್ಲೇಯರ್ ಇಟ್ಟುಕೊಳ್ಳಲು ಕಿಸೆ ಹೊಲಿದುಕೊಟ್ಟವಳು ಅವಳೇ. ಗೊಣಗುತ್ತಲೇ ಹೊಲಿದಳು, ಎರಡು ಸಲ ಹೊಲಿಗೆ ಹಾಕಿ ಗಟ್ಟಿ ಮಾಡಿದಳು.

ಆ ಕಿಸೆಯಿಂದಲೇ ಕೆಟ್ಟಿತು. ಕೆಲವು ವರ್ಷಗಳ ಮೇಲೆ ಒಂದು ಬೆಳಿಗ್ಗೆ ದೊಡ್ಡಮ್ಮ ಸ್ನಾನಕ್ಕೆ ಹೋಗುವಾಗ ನೈಟಿಯನ್ನು ಬಕೆಟ್ಟಿಗೆ ಹಾಕಿದಳು, ಅಮ್ಮ ಅದರ ಮೇಲೆ ಬಿಸಿನೀರು ಹೊಯ್ದು ಸೋಪಿನ ಪುಡಿ ಹಾಕಿದಳು. ಕಿಸೆಯನ್ನು ಇಬ್ಬರೂ ನೋಡಲಿಲ್ಲ. ಒಗೆಯುವ ಕಲ್ಲಿನ ಮೇಲೆ ಟಕ್ ಎಂದು ಸದ್ದಾದಾಗ ಅಮ್ಮನಿಗೆ ತಿಳಿಯಿತು. ಅದನ್ನು ತೆಗೆದು ಸೆರಗಿನಲ್ಲಿ ಒರೆಸಿದಳು, ಊದಿದಳು, ಬಿಸಿಲಿಗಿಟ್ಟಳು. ಸಂಜೆಯಾದರೂ ಅದು ಉಸಿರೆತ್ತಲಿಲ್ಲ. ದೊಡ್ಡಮ್ಮ ಅದನ್ನು ಕೈಗೆ ತೆಗೆದುಕೊಂಡು ಮೂಸಿದಳು. ಸೋಪಿನ ವಾಸನೆ.

“ಆಯ್ತಲ್ಲ. ನಿನಗೆ ಬೇಕಾದದ್ದು ಆಯ್ತಲ್ಲ” ಎಂದಳು.

ಅಮ್ಮನ ಮುಖವನ್ನು ದೊಡ್ಡಮ್ಮ ನೋಡಲಾರಳು, ನಾನು ನೋಡಿದೆ. ಅಮ್ಮ ಹಿತ್ತಿಲಿಗೆ ಹೋಗಿ, ಒಗೆದ ಬಟ್ಟೆಯನ್ನೇ ಮತ್ತೆ ಒಗೆದಳು. ಅವತ್ತಿನಿಂದ ಅವರ ನಡುವೆ ಬೇಕಾದಷ್ಟೇ ಮಾತು. ಊಟಕ್ಕೆ ಬಾ, ಬಾಗಿಲು ಹಾಕು, ಗ್ಯಾಸಿನವನು ಬಂದ. ನಾನು ನಡುವೆ ಕೂತು ಗಂಜಿಯ ಜೊತೆಗೆ ಇಬ್ಬರ ಮೌನವನ್ನೂ ನುಂಗುತ್ತಿದ್ದೆ. ಅಪ್ಪ ಶುಕ್ರವಾರ ಗಲ್ಫ್‌ನಿಂದ ಫೋನ್ ಮಾಡಿದಾಗ ಅಮ್ಮ ಎಲ್ಲ ಸರಿ ಉಂಟು ಎಂದಳು. ಫೋನ್ ಇಟ್ಟ ಮೇಲೆ ನನ್ನನ್ನು ಕರೆದು, “ಹಂಪನಕಟ್ಟೆಗೆ ಹೋಗಿ ಬರುವ, ನಡಿ” ಎಂದಳು.

ಸಿಟಿ ಬಸ್ಸಿನಲ್ಲಿ ಹೋದೆವು. ಅಂಗಡಿಯವನು ಹೊಸ ಹೊಸ ಮಾದರಿಗಳನ್ನು ತೋರಿಸಿದ. ಬಣ್ಣದ ಪರದೆ ಇರುವುದು, ಚಿತ್ರ ಕಾಣುವುದು. ಅಮ್ಮ ಕಣ್ಣು ಮುಚ್ಚಿಕೊಂಡು ಒಂದೊಂದರ ಗುಂಡಿಯನ್ನೂ ಬೆರಳಿನಿಂದ ಹುಡುಕಿ ನೋಡಿದಳು. ಅಂಗಡಿಯವನು ನನ್ನ ಮುಖ ನೋಡಿದ. ಕೊನೆಗೆ ಹಳೆಯದರ ಹಾಗೆಯೇ ಎದ್ದು ನಿಂತ ಗುಂಡಿಗಳಿದ್ದ ಒಂದನ್ನು ಆರಿಸಿದಳು. ಮನೆಗೆ ಬಂದು ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ, ನಾನು ಹಿಂದೆ ಕಾಪಿ ಮಾಡಿಟ್ಟ ಹಾಡುಗಳನ್ನೆಲ್ಲ ಒಟ್ಟಿಗೆ ಎಳೆದುಹಾಕಿದೆ. ಒಂದೂ ಬಿಟ್ಟುಹೋಗಿರಲಿಲ್ಲ. ದೊಡ್ಡಮ್ಮನ ಕೈಗೆ ಕೊಟ್ಟೆ. ಅಮ್ಮ ಬಾಗಿಲ ಬಳಿ ನಿಂತಿದ್ದಳು.

ದೊಡ್ಡಮ್ಮ ಗುಂಡಿ ಒತ್ತಿದಳು. ಮುಖ ಅರಳಿತು, ಮರುಕ್ಷಣ ಹುಬ್ಬು ಗಂಟಾಯಿತು. ಮುಂದಿನ ಗುಂಡಿ ಒತ್ತಿದಳು, ಮತ್ತೊಮ್ಮೆ ಒತ್ತಿದಳು. ಆಮೇಲೆ ಇಯರ್‌ಫೋನ್ ತೆಗೆದು ಮಡಿಲಲ್ಲಿಟ್ಟಳು.

“ಇದು ನನ್ನದಲ್ಲ.”

“ಎಲ್ಲ ನಿಮ್ಮ ಹಾಡೇ ದೊಡ್ಡಮ್ಮ, ನಾನೇ ಹಾಕಿದ್ದು.”

“ಹಾಡು ನನ್ನದೇ. ಆದ್ರೆ ಕೊಳಲಿನದ್ದು ಎಲ್ಲಿ ಹೋಯ್ತು? ಇದರಲ್ಲಿ ಮೊದಲೇ ಮಗು ಕೂಗ್ತದೆ. ಅದರ ನಂತರ ಎಂತದೋ ಮದುವೆ ಹಾಡು. ಯಾರೋ ನಮ್ಮ ಮನೆಯ ಸಾಮಾನೆಲ್ಲ ತೆಗೆದು ಅಲ್ಲಿಂದಿಲ್ಲಿಗೆ ಇಟ್ಟ ಹಾಗೆ ಉಂಟು ಮಗಾ. ನನಗೆ ಇದರೊಳಗೆ ನಡೀಲಿಕ್ಕೆ ಆಗುದಿಲ್ಲ.”

ಅಮ್ಮ ಒಳಗೆ ಹೋದಳು. ಆ ಬೇಸಗೆ ರಜೆಯಲ್ಲಿ ನನಗೆ ಮಾಡಲು ಬೇರೇನೂ ಇರಲಿಲ್ಲ, ಆದರೆ ಇದ್ದರೂ ನಾನು ಅದನ್ನೇ ಮಾಡುತ್ತಿದ್ದೆ ಎಂದು ಕಾಣುತ್ತದೆ. ಅವೇ ಹಾಡುಗಳು ಬೇರೆ ಸಾಲಿನಲ್ಲಿ ಬಂದದ್ದು ಯಾಕೆ? ಕಂಪ್ಯೂಟರಿನಲ್ಲಿ ಅವು ಹೆಸರಿನ ಮೊದಲ ಅಕ್ಷರದ ಪ್ರಕಾರ ನಿಂತಿದ್ದವು. ಹೊಸ ಪ್ಲೇಯರಿನಲ್ಲಿ ಹಾಗೂ ಇರಲಿಲ್ಲ. ಹೆಸರುಗಳಿಗೆ ಮುಂದೆ ಅಂಕಿ ಸೇರಿಸಿ ನೋಡಿದೆ, ಸಾಲು ಬದಲಾಗಲಿಲ್ಲ. ಎಲ್ಲವನ್ನೂ ಅಳಿಸಿ ಮೂರೇ ಹಾಡು ಹಾಕಿದೆ, ಕೇಳಿದೆ. ಮತ್ತೆ ಅಳಿಸಿ ಅವನ್ನೇ ಹಿಂದುಮುಂದಾಗಿ ಹಾಕಿದೆ, ಕೇಳಿದೆ. ಅಮ್ಮ ತಂದಿಟ್ಟ ಚಾ ಆರಿ ಕೆನೆ ಕಟ್ಟಿತ್ತು. ಆಗ ಇದ್ದಕ್ಕಿದ್ದಂತೆ ಹೊಳೆಯಿತು: ಈ ಯಂತ್ರಕ್ಕೆ ಹೆಸರು ಬೇಕಿಲ್ಲ. ಮೊದಲು ಒಳಗೆ ಬಂದದ್ದು ಮೊದಲು, ಆಮೇಲೆ ಬಂದದ್ದು ಆಮೇಲೆ. ಒಟ್ಟಿಗೆ ಎಳೆದುಹಾಕಿದರೆ ಯಾವ ಹಾಡನ್ನು ಮೌಸಿನಲ್ಲಿ ಹಿಡಿದು ಎಳೆಯುತ್ತೇನೋ ಅದು ಮೊದಲು ನುಗ್ಗಿಬಿಡುತ್ತದೆ. ನಾನು ಹಿಡಿದದ್ದು ಮಗು ಕೂಗುವ ಪದ್ಯವನ್ನು. ಯಾರೂ ಹೇಳಿಕೊಡದೆ ನಾನಾಗಿಯೇ ಕಂಡುಕೊಂಡ ಮೊದಲ ಸಂಗತಿ ಅದು. ಎದ್ದು ಚಾವಡಿಯಲ್ಲಿ ಒಂದು ಸುತ್ತು ಓಡಿದೆ. ಈಗ ಫೋನಿಗೆ ಬಾಯಿಯಲ್ಲಿ ಹೇಳಿದರೆ ಬೇಕಾದ ಹಾಡು ಬೇಕಾದಾಗ ಬರುತ್ತದೆ, ಹಾಡುಗಳಿಗೆ ಅಕ್ಕಪಕ್ಕದ ಮನೆಯೇ ಇಲ್ಲ. ಆಗ ಇತ್ತು. ಆ ನೆರೆಹೊರೆಯನ್ನು ಮತ್ತೆ ಕಟ್ಟಬೇಕಿದ್ದರೆ ಹಾಡುಗಳನ್ನು ಒಂದೊಂದಾಗಿ, ಹಳೆಯ ಸಾಲಿನಲ್ಲೇ, ಒಳಗೆ ಕಳಿಸಬೇಕಿತ್ತು. ಆ ಸಾಲು ಇದ್ದದ್ದು ದೊಡ್ಡಮ್ಮನ ತಲೆಯಲ್ಲಿ ಮಾತ್ರ.

ಒಂದು ಭಾನುವಾರ ಮಧ್ಯಾಹ್ನದ ಊಟ ಮುಗಿಸಿ ನಾನೂ ದೊಡ್ಡಮ್ಮನೂ ಕಂಪ್ಯೂಟರಿನ ಮುಂದೆ ಕೂತೆವು. ಕಂಪ್ಯೂಟರಿನ ಸ್ಪೀಕರಿನಲ್ಲಿ ನಾನು ಒಂದು ಹಾಡಿನ ಕೊನೆಯನ್ನು ಹಾಕುವುದು, ದೊಡ್ಡಮ್ಮ ಅದರ ಮುಂದಿನದನ್ನು ಹೇಳುವುದು, ನಾನು ಅದನ್ನು ಹುಡುಕಿ ಕಳಿಸುವುದು. ಹೆಸರಿಲ್ಲದ ಹಾಡನ್ನು ಹುಡುಕುವುದು ಸುಲಭವಲ್ಲ, ಒಂದೊಂದನ್ನೇ ತೆರೆದು ಕೇಳಬೇಕು. ಆದರೆ ದೊಡ್ಡಮ್ಮ ಎಲ್ಲೂ ತಡವರಿಸುತ್ತಿರಲಿಲ್ಲ. ಕೊಳಲಿನ ನಂತರ ತಂಬೂರಿ, ಅದಾದ ಮೇಲೆ ಇಬ್ಬರು ಹೆಂಗಸರು ಹಾಡುವುದು, ಆಮೇಲೆ ಕೆಮ್ಮಿನ ಭಜನೆ. ಓಣಿಯ ಮನೆಗಳನ್ನು ಹೇಳುವ ಹಾಗೆ ಹೇಳುತ್ತಾ ಹೋದಳು. ಅವಳಿಗೂ ಹುಮ್ಮಸ್ಸು ಬಂದಿತ್ತು. ಸಾಲು ಅರ್ಧ ದಾಟಿದ ಮೇಲೆ ದೋಣಿಯ ಹಾಡು ಬಂತು. ನೀರಿನ ಸದ್ದಿನಲ್ಲಿ ಮುಗಿಯುವ ಹಳೆಯದೊಂದು ತುಳು ಹಾಡು. ಅದರ ಕೊನೆ ಹಾಕಿದೆ.

ದೊಡ್ಡಮ್ಮ ತಲೆ ವಾಲಿಸಿ ಕಿವಿಗೊಟ್ಟಳು.

“ಇದಾದ ಮೇಲೆ ಯಾವ ಹಾಡು?”

“ಇನ್ನೊಮ್ಮೆ ಹಾಕು.”

ಹಾಕಿದೆ. ನೀರು ಸದ್ದು ಮಾಡಿ ನಿಂತಿತು. ಅವಳ ಬೆರಳು ಮಡಿಲಿನಲ್ಲಿ ಇಲ್ಲದ ಗುಂಡಿಯನ್ನು ಒತ್ತಿತು. ಮತ್ತೆ ಹಾಕಿಸಿದಳು.

“ಇಲ್ಲಿ ಎಂತದೂ ಇಲ್ಲ” ಎಂದಳು. “ಖಾಲಿ ಉಂಟು.”

“ಇರಲಿ ದೊಡ್ಡಮ್ಮ, ಅದು ಬಿಟ್ಟು ಮುಂದಿನದು ಹೇಳಿ.”

“ಬಿಡ್ಲಿಕ್ಕೆ ಆಗುದಿಲ್ಲ. ಇದು ಸಿಗದೆ ಮುಂದಿನದು ಸಿಗುದಿಲ್ಲ.” ಆಮೇಲೆ ದನಿ ತಗ್ಗಿಸಿದಳು. ನನಗಲ್ಲ, ತನಗೇ ಹೇಳಿಕೊಳ್ಳುವಂತೆ. “ಕಣ್ಣು ಹೋಗುವಾಗಲೂ ಹೀಗೇ. ಮೊದಲು ಒಂದು ಸಣ್ಣ ಜಾಗ ಮಾತ್ರ ಕಾಣುದಿಲ್ಲ. ಆಫೀಸಿನ ಟೆಲಿಫೋನ್ ಬೋರ್ಡಿನಲ್ಲಿ ಒಂದು ಲೈನಿನ ದೀಪ ಕಾಣ್ತಿರಲಿಲ್ಲ. ಬಲ್ಬು ಹೋದದ್ದು ಅಂತ ಜಗಳ ಮಾಡಿದ್ದೆ ನಾನು.”

ದೊಡ್ಡಮ್ಮ ಹೆದರಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಹಾವು ಬಂದಾಗಲೂ ಅವಳು ದೊಣ್ಣೆ ಎಲ್ಲಿ ಎಂದು ಕೇಳಿದವಳು. ಅಷ್ಟರಲ್ಲಿ ಅಡುಗೆಮನೆಯಿಂದ ಪಾತ್ರೆ ತೊಳೆಯುವ ಸದ್ದು ನಿಂತಿತು. ಅಮ್ಮ ಗುನುಗುತ್ತಿದ್ದಳು. ಮಾತಿಲ್ಲದೆ, ಬರೀ ರಾಗ, ಅದೂ ಸೊಟ್ಟ ರಾಗ. ಎಲ್ಲಿ ಏರಬೇಕೋ ಅಲ್ಲಿ ಏರಲಾಗದೆ ಪಕ್ಕಕ್ಕೆ ಜಾರುತ್ತಿತ್ತು.

ದೊಡ್ಡಮ್ಮ ತಲೆಯೆತ್ತಿದಳು.

“ಸೋಬಾನೆ!” ಎಂದಳು. “ಹೌದು, ಯಾರೋ ಅಜ್ಜಿಯ ಸ್ವರದ್ದು! ನಿನಗೆ ಹೇಗೆ ಗೊತ್ತು?”

ಅಮ್ಮ ಒದ್ದೆ ಕೈಯಲ್ಲೇ ಬಂದು ಬಾಗಿಲಿಗೆ ಒರಗಿದಳು.

“ದೋಣಿಯ ನಂತರ ನೀನು ಹಾಡುದು ಅದನ್ನೇ ಅಲ್ವಾ.”

“ನಾನು ಹಾಡುದಾ?”

“ಮತ್ತೆ? ದಿನಾ ಹಾಡ್ತಿ. ಕಿವಿಗೆ ಅದನ್ನು ಹಾಕಿಕೊಂಡ್ರೆ ನಿನಗೆ ನಿನ್ನ ಸ್ವರ ಕೇಳುದಿಲ್ಲ. ನನಗೆ ಕೇಳ್ತದೆ. ಈಗ ಹಾಡಿದ್ದು ಸಹ ನೀನು ಹಾಡಿದ ಹಾಗೆಯೇ. ನಿಜವಾದ ರಾಗ ಹೇಗೆ ಅಂತ ನನಗೆ ಗೊತ್ತಿಲ್ಲ, ನಾನು ಅದನ್ನು ಕೇಳಿಯೇ ಇಲ್ಲ.”

ಅಮ್ಮ ಹೇಳಿದ್ದು ನಿಜ. ನಾನೂ ಅದನ್ನು ವರ್ಷಗಟ್ಟಲೆ ಕೇಳಿದ್ದೆ, ಆದರೆ ನಲ್ಲಿ ಹನಿಯುವ ಸದ್ದನ್ನು ಕೇಳಿದ ಹಾಗೆ. ಅಮ್ಮ ಅದನ್ನು ಸಾಲಾಗಿ ಕೇಳಿಸಿಕೊಂಡಿದ್ದಳು. ಅಕ್ಕ ನಡುಕೋಣೆಯ ಬೆಂಚಿಗೆ ಹೋದ ಮೇಲೂ, ಅವಳು ಕೇಳುವುದನ್ನು ತಾನೂ ಅಡುಗೆಮನೆಯಿಂದ ಕೇಳುತ್ತಿದ್ದಳು, ಸೊಟ್ಟಪಟ್ಟವಾಗಿ.

“ನನಗೆ ಯಾಕೆ ಹೇಳ್ಲಿಲ್ಲ ನೀನು?” ದೊಡ್ಡಮ್ಮನ ಮುಖ ಕೆಂಪಾಗಿತ್ತು.

“ಹೇಳಿದ್ರೆ ನಿಲ್ಲಿಸ್ತಿದ್ದಿ.”

ದೊಡ್ಡಮ್ಮ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಅಮ್ಮ ಬಂದು ಕೂತಳು. ಉಳಿದ ಸಾಲನ್ನು ಇಬ್ಬರೂ ಸೇರಿ ಹೇಳಿದರು. ಒಂದೆರಡು ಕಡೆ ಒಬ್ಬಳು ಹೇಳಿದ್ದು ಇನ್ನೊಬ್ಬಳಿಗೆ ಒಪ್ಪಿಗೆಯಾಗದೆ, ಹಳೆಯ ರೇಡಿಯೋದ ಕಾಲದ ಹಾಗೆ ಚರ್ಚೆ ನಡೆಯಿತು. ಅಮ್ಮ ಹಾಡುಗಳ ನಿಜವಾದ ರಾಗವನ್ನು ಮೊದಲ ಬಾರಿ ಸ್ಪೀಕರಿನಲ್ಲಿ ಕೇಳಿ, “ಅಯ್ಯೋ, ಇದು ಇಷ್ಟು ಚಂದ ಉಂಟಾ?” ಎಂದು ನಕ್ಕಳು. ದೊಡ್ಡಮ್ಮ ಅವಳ ತೊಡೆಗೆ ಹೊಡೆದಳು. ಆಮೇಲೆ ಹೊಡೆದ ಕೈಯನ್ನು ಅಲ್ಲೇ ಇಟ್ಟುಕೊಂಡು, “ಬಕೆಟ್ಟಿಗೆ ಹಾಕಿದ್ದು ನಾನೇ. ಬಾಯಿಗೆ ಬಂದ ಹಾಗೆ ಹೇಳಿದೆ ಅವತ್ತು” ಎಂದಳು. ಅಮ್ಮ, “ಗೊತ್ತುಂಟು ಮಾರಾಯ್ತಿ, ಮುಂದಿನದು ಹೇಳು” ಎಂದಳು. ಮುಸ್ಸಂಜೆಯ ದೀಪ ಹಚ್ಚುವ ಹೊತ್ತಿಗೆ ಸಾಲು ಮುಗಿಯಿತು. ಮರುದಿನ ಬೆಳಿಗ್ಗೆ ದೊಡ್ಡಮ್ಮ ಗುಂಡಿ ಒತ್ತಿ, ಕೊಳಲು ಕೇಳಿ, ನಮ್ಮ ಕಡೆಗೆ ಮುಖ ಮಾಡಿ ತಲೆಯಾಡಿಸಿದಳು.

ಕಥೆ ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ಅವತ್ತಿನಿಂದ ನಡುಕೋಣೆಯಲ್ಲಿ ಸದ್ದಿಲ್ಲ. ದೊಡ್ಡಮ್ಮ ತುಟಿ ಬಿಗಿಹಿಡಿದು ಹಾಡು ಕೇಳತೊಡಗಿದಳು, ಒಂದು ಕೈ ಬಾಯಿಗೆ ಅಡ್ಡವಾಗಿ. ಮನೆಯಲ್ಲಿ ಏನೋ ಕಡಿಮೆಯಾಗಿದೆ ಎಂದು ನನಗೂ ಈಗ ಗೊತ್ತಾಗುತ್ತಿತ್ತು, ಒಮ್ಮೆ ಕೇಳಿಸಿಕೊಂಡದ್ದು ಮತ್ತೆ ಕೇಳದೆ ಇರುವುದು ಹೇಗೆ? ಅಮ್ಮ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾ ಆಗಾಗ ಕೈ ನಿಲ್ಲಿಸಿ ಕಿವಿಗೊಡುತ್ತಿದ್ದಳು. ಹಾಗೆ ಕೆಲವು ದಿನ ತಡೆದವಳು ಒಂದು ಬೆಳಿಗ್ಗೆ ನಡುಕೋಣೆಗೆ ಬಂದು ಅಕ್ಕನ ಒಂದು ಕಿವಿಯಿಂದ ಇಯರ್‌ಫೋನಿನ ತುದಿಯನ್ನು ಮೆಲ್ಲಗೆ ತೆಗೆದಳು.

“ನೀನು ಈಗ ಹಾಡು ಕೇಳುದಿಲ್ವಾ?”

“ಕೇಳ್ತಾ ಇದ್ದೇನಲ್ಲ.”

“ನನಗೆ ಕೇಳುದಿಲ್ಲ.”

ದೊಡ್ಡಮ್ಮ ತಲೆ ತಗ್ಗಿಸಿದಳು. “ನಾಚಿಕೆ ಆಗ್ತದೆ ಮಾರಾಯ್ತಿ. ಇಷ್ಟು ಕಾಲ ಅಷ್ಟು ಕೆಟ್ಟದಾಗಿ ಹಾಡಿದ್ದೇನೆ, ಓಣಿಗೆಲ್ಲ ಕೇಳಿರಬೇಕು.”

“ಕೆಟ್ಟದಾಗಿಯೇ ಹಾಡು. ನೀನು ಅದನ್ನು ಹಾಕಿಕೊಂಡು ಕೂತಾಗ ನನ್ನ ಜೊತೆಗೆ ಇದ್ದದ್ದು ಅದೊಂದೇ.”

ಇಷ್ಟು ಹೇಳಿ ಅಮ್ಮ ಆ ತುದಿಯನ್ನು ಮತ್ತೆ ಅವಳ ಕಿವಿಗೆ ಸಿಕ್ಕಿಸಿ ಬಂದುಬಿಟ್ಟಳು. ನಾನು ಅಡುಗೆಮನೆಯ ಮೆಟ್ಟಿಲಿನಲ್ಲಿ ಕೂತಿದ್ದೆ. ಇಬ್ಬರೂ ಕಾದೆವು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ನಡುಕೋಣೆಯಿಂದ ಗಂಟಲು ಸರಿಮಾಡಿಕೊಂಡ ಸದ್ದು. ಅದರ ಹಿಂದೆಯೇ ದೊಡ್ಡಮ್ಮನ ಸ್ವರ ಬಂತು. ಈ ಸಲ ಗುನುಗಲ್ಲ, ಹಾಡು, ಮಾತುಗಳ ಸಮೇತ, ಬಾಯಿ ತುಂಬಾ, ಎಲ್ಲೆಲ್ಲಿ ಏರಬೇಕೋ ಅಲ್ಲೆಲ್ಲ ಜಾರುತ್ತಾ. ಬೇಲಿಯಾಚೆಯ ಮನೆಯವರು ಇಣುಕಿ ನೋಡಿ ಒಳಗೆ ಹೋದರು. ಅಮ್ಮ ಮೀನಿನ ಗಸಿಗೆ ಮಸಾಲೆಯನ್ನು ಮಿಕ್ಸಿಗೆ ಹಾಕಿ ಮುಚ್ಚಳ ಒತ್ತಿ ಹಿಡಿದಿದ್ದವಳು, ಸ್ವಿಚ್ಚಿಗೆ ಕೈ ಹಾಕಲಿಲ್ಲ. ಮಸಾಲೆಯನ್ನೆಲ್ಲ ಮತ್ತೆ ತಟ್ಟೆಗೆ ತೆಗೆದು, ಹಿತ್ತಿಲ ಬಾಗಿಲಿನ ಹತ್ತಿರವಿದ್ದ ಕಡೆಯುವ ಕಲ್ಲನ್ನು ತೊಳೆದು, ಅದರ ಮುಂದೆ ಕೂತು, ಸದ್ದಾಗದ ಹಾಗೆ ನಿಧಾನವಾಗಿ ಕಡೆಯತೊಡಗಿದಳು.